ಹಳೆ ಖರೀದಿ ಪತ್ರದ ಷರತ್ತಿಗೆ ಹೊಸ ಮಾಲೀಕ ಬದ್ಧನೇ?

ಪತ್ರ: ಸಿಂಧನೂರು ತಾಲ್ಲೂಕಿನಲ್ಲಿ ನಾನು ಕೊಂಡ ಗದ್ದೆಯ ಹಳೆ ಖರೀದಿ ಪತ್ರದಲ್ಲಿ ಎರಡು ಷರತ್ತುಗಳಿವೆ. ಮೊದಲ ಮಾಲೀಕರು ತಮಗೇ ಉಳಿಸಿಕೊಂಡ, ಈ ಗದ್ದೆಯ ಹಿಂಬದಿಯ ಹೊಲದ ಬಂಡಿದಾರಿಗೂ ಹೊಲಗಾಲುವೆಗೂ ಅಡ್ಡಿ ಮಾಡಬಾರದು. ಗದ್ದೆಯನ್ನು ಎಂದೂ ಯಾರಿಗೂ ಪರಭಾರೆ ಮಾಡಬಾರದು. ಬರೆಸಿದವರು ತೀರಿಕೊಂಡಿದ್ದಾರೆ. ದುಡ್ಡು ಕೊಟ್ಟು ಕೊಂಡ ನನ್ನನ್ನು ಇವು ಯಾಕೆ ಕಟ್ಟಿಹಾಕಬೇಕು?

ಸಂಪಾದಕರ ಉತ್ತರ: ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಮಾರಲೇಬಾರದೆಂಬ ಷರತ್ತು ನಿಮ್ಮನ್ನು ಕಟ್ಟುವುದಿಲ್ಲ, ಕಟ್ಟಲೂಬಾರದು. ಪರಭಾರೆಗೆ ಪೂರ್ತಿ ತಡೆ ಹಾಕುವ ಇಂಥ ಷರತ್ತು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 10ನೇ ಕಲಂ ಪ್ರಕಾರ ಅಸಿಂಧು. ಹೊಲ ಮಾರಿ ಸಾಲ ತೀರಿಸಬೇಕಾದ ರೈತನನ್ನು, ಹಣ ಎಣಿಸಿಕೊಂಡು ಹೊಲ ಬಿಟ್ಟುಕೊಟ್ಟವರು ತಡೆಯುವುದು ಅನ್ಯಾಯ.

ದಾರಿ, ನೀರಿನ ಮಾತು ಬೇರೆ. ಮಾರಿದವರು ತಮ್ಮ ಇನ್ನೊಂದು ಹೊಲದ ಅನುಕೂಲಕ್ಕೆ ಹಾಕಿದ ಇಂಥ ನಿರ್ಬಂಧಕ್ಕೆ 11ನೇ ಕಲಂ ಅವಕಾಶ ಕೊಡುತ್ತದೆ. 40ನೇ ಕಲಂ ಪ್ರಕಾರ, ಷರತ್ತು ಗೊತ್ತಿದ್ದು ಕೊಂಡವರ ಮೇಲೂ ಅದನ್ನು ಜಾರಿ ಮಾಡಿಸಬಹುದು. ನೋಂದಣಿಯಾದ ಪತ್ರದಲ್ಲೇ ಇರುವಾಗ ‘ನನಗೆ ಗೊತ್ತಿರಲಿಲ್ಲ’ ಎಂಬ ಮಾತು ನಡೆಯದು.

ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆಯವರಾದ ನಿಮಗೆ ಇದು ಹೊಸದಲ್ಲ: ತೂಬಿನಿಂದ ಬಿಟ್ಟ ನೀರು ಮೇಲಿನವರ ಗದ್ದೆ ದಾಟಿಯೇ ಕೆಳಗಿನವರಿಗೆ ಸೇರಬೇಕು. ನಾಟಿ ಹೊತ್ತಿಗೆ ನೀವು ಹೊಲಗಾಲುವೆಗೆ ನಾಲ್ಕು ಬುಟ್ಟಿ ಮಣ್ಣು ಸುರಿದರೆ ಹಿಂದಿನವರ ಗದ್ದೆ ಬಿರಿಯುತ್ತದೆ. ಬಂಡಿದಾರಿಯನ್ನೂ ಉತ್ತುಬಿಟ್ಟರೆ ಸುಗ್ಗಿಯಲ್ಲಿ ಭತ್ತ ಕೊಯ್ಯುವ ಮಷಿನ್ ನಿಮ್ಮ ಬದುವಿನ ಈಚೆಯೇ ನಿಲ್ಲುತ್ತದೆ, ಮಾಗಿದ ತೆನೆ ಹೊಲದಲ್ಲೇ ಉದುರುತ್ತದೆ. ಮಾನ್ವಿ ಕಡೆಯ ಕೊನೆ ಭಾಗದ ರೈತರು ನೀರಿಗಾಗಿ ರಸ್ತೆಗಿಳಿಯುವುದನ್ನು ನೋಡುತ್ತಲೇ ಬಂದಿದ್ದೇವೆ. ಬರೆಸಿದವರು ಹೋದರು ನಿಜ, ಆ ಹೊಲದ ಬಾಯಾರಿಕೆ ಹೋಯಿತೇ? ನೀವು ಬೆಲೆ ಕಟ್ಟಿದ್ದೂ ಆ ದಾರಿ ಇರುವ ಗದ್ದೆಗೇ.

ಹಾಗೆಂದು ಷರತ್ತು ಶಾಶ್ವತವಾಗಬೇಕೆಂದು ನಾನು ಹೇಳುತ್ತಿಲ್ಲ. ಹಿಂದಿನ ಹೊಲಕ್ಕೆ ಬೇರೆ ದಾರಿ, ಬೇರೆ ಕಾಲುವೆ ಆದ ದಿನ ಅದು ಹೋಗಬೇಕು. ಆ ಹೊಲದವರು ಒಪ್ಪಿದರೆ ಹಕ್ಕು ಬಿಡುಗಡೆ ಪತ್ರ ಮಾಡಿಸಿ ನೋಂದಣಿ ಮಾಡಿಸಿ. ದಾರಿಯನ್ನು ಬದುವಿನ ಪಕ್ಕಕ್ಕೆ ಸರಿಸುವುದಿದ್ದರೂ ಅವರ ಜತೆ ಕೂತು ಮಾತಾಡಿ, ಬರವಣಿಗೆಯಲ್ಲಿ ಒಪ್ಪಿಗೆ ಪಡೆದ ಮೇಲೆಯೇ ಟ್ರ್ಯಾಕ್ಟರ್ ಇಳಿಸಿ.

ಇನ್ನೊಂದು ವಿಚಾರ. ಇದು ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾಗಿದ್ದರೆ ಮಾರಾಟದ ಬಗ್ಗೆ ನಾನು ಮೇಲೆ ಹೇಳಿದ್ದನ್ನು ನಂಬಿ ಕೂರಬೇಡಿ. ಅಲ್ಲಿ ಇಂಥ ಜಮೀನಿನ ಪರಭಾರೆಗೆ ತಡೆ ಹಾಕುವ 1978ರ ಪಿಟಿಸಿಎಲ್ ಕಾಯ್ದೆ ಬರುತ್ತದೆ. ಸರ್ಕಾರದ ಪೂರ್ವಾನುಮತಿ ಬೇಕು. ಬಡವರ ಕೈಯಿಂದ ನೆಲ ಜಾರದಿರಲೆಂದು ಹಾಕಿದ ಆ ತಡೆ ಮುಂದಿನ ಮಾಲೀಕರನ್ನೂ ಕಟ್ಟಲೇಬೇಕು. ಹಳೆ ಪಹಣಿಗಳನ್ನೂ ಮಂಜೂರಾತಿ ದಾಖಲೆಯನ್ನೂ ತಹಶೀಲ್ದಾರ್ ಕಚೇರಿಯಲ್ಲಿ ತೆಗೆಸಿ ನೋಡಿ.