ಓದುಗರ ಪ್ರಶ್ನೆ: ಅಜ್ಜಿಯ ಬದುಕನ್ನು ಬರೆಯುವುದು ಹೇಗೆ?

ಪ್ರಶ್ನೆ: ನನ್ನ ತಾಯಿಯ ತಾಯಿ ಕಳೆದ ವರ್ಷ ತೀರಿಕೊಂಡರು. ವರ್ಷಾಂತಿಕದಂದು ನೆಂಟರಿಗೆ ಹಂಚಲು ಅವರ ನೆನಪಿನ ಕಿರುಹೊತ್ತಗೆಯೊಂದನ್ನು ಸಿದ್ಧಪಡಿಸುವ ಹೊಣೆ ನನ್ನ ಪಾಲಿಗೆ ಬಂದಿದೆ. ಮಕ್ಕಳು, ಮೊಮ್ಮಕ್ಕಳು ಬರೆದುಕೊಟ್ಟ ಬರಹಗಳಲ್ಲೆಲ್ಲ ‘ತ್ಯಾಗಮಯಿ’, ‘ಮಮತೆಯ ಮೂರ್ತಿ’, ‘ತನಗಾಗಿ ಏನನ್ನೂ ಬಯಸದವರು’ ಎಂಬ ಮಾತುಗಳೇ ಇವೆ. ಮನೆ, ಅಂಗಳದ ಮಲ್ಲಿಗೆ ಗಿಡಗಳು, ನಾವು ಇಷ್ಟೇ ಅವರ ಲೋಕವಾಗಿತ್ತು. ನನ್ನ ತಾಯಿಯ ಕಾಲೇಜು ಶುಲ್ಕವನ್ನು ಹೂವಿನ ಹಣದಿಂದಲೇ ಕಟ್ಟಿದ್ದರಂತೆ. ಹುಟ್ಟಿದ ದಿನವೂ ಗೊತ್ತಿಲ್ಲ. ‘ಬೊಳ್ಳ (ನೆರೆ) ಬಂದ ವರ್ಷ ದೊಡ್ಡಣ್ಣ ತೊಟ್ಟಿಲಲ್ಲಿದ್ದನಂತೆ, ನಾನು ಅವನಿಗಿಂತ ಹತ್ತು ವರ್ಷ ಚಿಕ್ಕವಳು, ಆಟಿ ತಿಂಗಳಲ್ಲಿ ಹುಟ್ಟಿದವಳು’ ಎನ್ನುತ್ತಿದ್ದರು. ಅವರ ತವರು ಪಾಣೆಮಂಗಳೂರು. ಏನೂ ನಡೆಯದ ಬದುಕನ್ನು ಹೇಗೆ ಬರೆಯಲಿ?
– ಓದುಗರೊಬ್ಬರು, ಕಟಪಾಡಿ

ಉತ್ತರ: ಏನೂ ನಡೆಯಲಿಲ್ಲ ಎನ್ನುವ ಪತ್ರದಲ್ಲೇ ನೀವು ಅವರ ಜನ್ಮವರ್ಷವನ್ನು ಕೊಟ್ಟಿದ್ದೀರಿ. ನೇತ್ರಾವತಿ ಉಕ್ಕಿ ಬಂಟ್ವಾಳ, ಪಾಣೆಮಂಗಳೂರುಗಳನ್ನು ಮುಳುಗಿಸಿದ ಆ ಬೊಳ್ಳ 1923ರದು. (1974ರಲ್ಲಿಯೂ ದೊಡ್ಡ ನೆರೆ ಬಂದಿತ್ತು, ಮನೆಯವರ ನೆನಪಿನಲ್ಲಿ ಇವೆರಡೂ ಬೆರೆತುಹೋಗದಂತೆ ನೋಡಿಕೊಳ್ಳಿ.) ಹಾಗಾದರೆ ಅಜ್ಜಿ ಹುಟ್ಟಿದ್ದು 1933ರ ಆಸುಪಾಸಿನಲ್ಲಿ, ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಆಟಿಯ ಮಳೆಯಲ್ಲಿ. ಮದರಾಸು ಪ್ರಾಂತದಲ್ಲಿ ಹುಟ್ಟಿದ ಅವರು 1956ರಲ್ಲಿ ಮೈಸೂರು ರಾಜ್ಯದವರಾದರು, 1973ರಲ್ಲಿ ಕರ್ನಾಟಕದವರಾದರು, 1997ರಲ್ಲಿ ಉಡುಪಿ ಜಿಲ್ಲೆಯವರಾದರು. ಇಷ್ಟಕ್ಕೂ ಅಂಗಳ ದಾಟಬೇಕಾಗಿ ಬರಲಿಲ್ಲ.

ಇನ್ನು ಮಲ್ಲಿಗೆ. ನೀವು ಒಂದೆರಡು ಮಾತಿನಲ್ಲಿ ದಾಟಿಸಿದ ಈ ಸಂಗತಿಗೆ ನಾನಾದರೆ ಹೊತ್ತಗೆಯ ಅರ್ಧವನ್ನೇ ಕೊಡುತ್ತಿದ್ದೆ. ನಿಮ್ಮ ಪಕ್ಕದ ಶಂಕರಪುರದ ಲೆಕ್ಕದಲ್ಲಿ ಒಂದು ಚೆಂಡಿಗೆ 800 ಹೂಗಳು, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಅಂದರೆ ಒಂದು ಅಟ್ಟೆ ಹೂ ಕೊಡಬೇಕಾದರೆ 3,200 ಮೊಗ್ಗುಗಳನ್ನು ಬೆಳಗಿನಲ್ಲೇ ಕೊಯ್ದು, ಬಾಳೆನಾರಿನಲ್ಲಿ ಒಂದೊಂದಾಗಿ ಕಟ್ಟಿ, ಹೊತ್ತು ಮೀರುವ ಮೊದಲು ಹೂ ಕೊಳ್ಳುವ ಕಟ್ಟೆಗೆ ತಲುಪಿಸಬೇಕು. ದರವಾದರೋ ದಿನದಿನಕ್ಕೂ ಬೇರೆ. ಮದುವೆಯ ದಿನಗಳಲ್ಲಿ ಏರುತ್ತದೆ, ಬೇಡಿಕೆ ಇಲ್ಲದಾಗ ಕುಸಿಯುತ್ತದೆ. ಇಂತಹ ನಿಶ್ಚಯವಿಲ್ಲದ ಆದಾಯವನ್ನು ನೆಚ್ಚಿಕೊಂಡು ಮಗಳನ್ನು ಕಾಲೇಜಿಗೆ ಕಳುಹಿಸಲು ಹೊರಟದ್ದು ತ್ಯಾಗಕ್ಕಿಂತ ಹೆಚ್ಚಾಗಿ ಒಂದು ತೀರ್ಮಾನ. ಅದನ್ನು ಅವರು ಯಾವಾಗ ಕೈಗೊಂಡರು, ಮನೆಯಲ್ಲಿ ಯಾರು ಬೇಡವೆಂದರು, ಹೂ ಕಡಿಮೆಯಾದ ತಿಂಗಳಲ್ಲಿ ಶುಲ್ಕವನ್ನು ಹೇಗೆ ಹೊಂದಿಸಿದರು ಎಂಬುದನ್ನು ನಿಮ್ಮ ತಾಯಿಯಲ್ಲದೆ ಬೇರೆ ಯಾರು ಹೇಳಬಲ್ಲರು? ಹೂವಿನ ಲೆಕ್ಕದ ಚೀಟಿಯೋ ಪುಸ್ತಕವೋ ಉಳಿದಿದ್ದರೆ ಅದರ ಒಂದು ಪುಟವನ್ನು ಹಾಗೆಯೇ ಅಚ್ಚುಹಾಕಿಸಿ.

‘ತನಗಾಗಿ ಏನನ್ನೂ ಬಯಸದವರು’ ಎಂಬ ವಾಕ್ಯವನ್ನು ಮಾತ್ರ ದಯವಿಟ್ಟು ತೆಗೆದುಬಿಡಿ. ನನ್ನ ಅಜ್ಜಿಯ ಬಗ್ಗೆಯೂ ನಾವು ಹಾಗೆಯೇ ನಂಬಿಕೊಂಡಿದ್ದೆವು. ಬೆಳಗಿನವರೆಗೆ ಕುಳಿತು ಒಂದು ಯಕ್ಷಗಾನ ಆಟವನ್ನಾದರೂ ಪೂರ್ತಿಯಾಗಿ ನೋಡಬೇಕೆಂಬ ಆಸೆ ಅವರಿಗಿತ್ತೆಂದೂ, ಹಾಲು ಕರೆಯುವ ಹೊತ್ತಾಯಿತೆಂದು ಪ್ರತಿ ಸಲವೂ ನಡುವೆಯೇ ಎದ್ದುಬರುತ್ತಿದ್ದುದರಿಂದ ಯಾವ ಪ್ರಸಂಗದ ಕೊನೆಯನ್ನೂ ಅವರು ಕಾಣಲಿಲ್ಲವೆಂದೂ ನನಗೆ ತಿಳಿದದ್ದು ನೆರೆಮನೆಯವರಿಂದ, ಅದೂ ಅವರು ಹೋದ ಮೇಲೆ. ಬಯಕೆ ಇರಲಿಲ್ಲವೆಂದಲ್ಲ, ನಾವು ಕೇಳಿರಲಿಲ್ಲ ಅಷ್ಟೆ. ಆದ್ದರಿಂದ ನೆಂಟರ ಜೊತೆಗೆ, ಅಜ್ಜಿಯೊಂದಿಗೆ ಹೂ ಕಟ್ಟಲು ಕೂರುತ್ತಿದ್ದ ನೆರೆಯ ಹೆಂಗಸರನ್ನೂ ಮಾತನಾಡಿಸಿ.

ಭಾಷೆಯ ಬಗ್ಗೆ ಇನ್ನೊಂದು ಮಾತು. ಬೊಳ್ಳದ ವಿಷಯವನ್ನು ಅವರು ಹೇಳಿದ್ದು ತುಳುವಿನಲ್ಲಾಗಿದ್ದರೆ ಕನ್ನಡ ಲಿಪಿಯಲ್ಲಿ ತುಳುವನ್ನೇ ಬರೆಯಿರಿ. ‘ಒಣಸ್ ಆಂಡಾ?’ ಎಂದು ಕೇಳುತ್ತಿದ್ದವರ ಬಾಯಿಗೆ ‘ಊಟ ಆಯಿತೇ?’ ಎಂಬುದನ್ನು ತುರುಕಿದರೆ, ಓದುವ ನೆಂಟರಿಗೆ ಅವರ ದನಿ ಕೇಳಿಸದು.

ಕೆಲಸವನ್ನು ಹೀಗೆ ಆರಂಭಿಸಬಹುದು: ಒಂದು ಬೆಳಿಗ್ಗೆ ತಾಯಿಯ ಪಕ್ಕದಲ್ಲಿ ನೀವೂ ಹೂ ಕಟ್ಟುತ್ತ ಕುಳಿತು, ಮಲ್ಲಿಗೆಯ ಮೊದಲ ಹಣದಲ್ಲಿ ಅಜ್ಜಿ ಏನನ್ನು ಕೊಂಡರೆಂದು ಕೇಳಿ. ಬಂದ ಉತ್ತರವೇ ಹೊತ್ತಗೆಯ ಮೊದಲ ವಾಕ್ಯವಾಗಲಿ.