ಉತ್ತರ ಯಾರಿಗೆ ಗೊತ್ತು: ಹೂ ಅಥವಾ ಹೂಮ್?

ಪ್ರಶ್ನೆ: 'ಯಾರು' ಬಂದರೆ ಇಂಗ್ಲಿಷಿನಲ್ಲಿ ಹೂ (who), 'ಯಾರನ್ನು', 'ಯಾರಿಗೆ' ಬಂದರೆ ಹೂಮ್ (whom) ಎಂದು ಶಾಲೆಯಲ್ಲಿ ಕಲಿತಿದ್ದೆ. 'ಉತ್ತರ ಯಾರಿಗೆ ಗೊತ್ತು?' ಎಂಬುದಕ್ಕೆ ಮಗಳಿಗೆ 'ಹೂಮ್ ನೋಸ್ ದಿ ಆನ್ಸರ್?' ಎಂದು ಬರೆಸಿದೆ. ಟೀಚರ್ ಕೆಂಪು ಗೆರೆ ಎಳೆದಿದ್ದಾರೆ. ಯಾರದು ತಪ್ಪು?
– ಓದುಗರೊಬ್ಬರು, ಹಾಸನ

ಉತ್ತರ: ಕೆಂಪು ಗೆರೆ ಸರಿಯಾಗಿಯೇ ಬಿದ್ದಿದೆ. ನಿಮ್ಮ ಸೂತ್ರ 'ಯಾರನ್ನು' ಇರುವಲ್ಲಿ ಬಹುಮಟ್ಟಿಗೆ ನಡೆಯುತ್ತದೆ, ಕೈಕೊಡುವುದು 'ಯಾರಿಗೆ' ಇರುವಲ್ಲಿ. ಗೊತ್ತು, ಬೇಕು, ಇಷ್ಟ, ಜ್ವರ ಇವಕ್ಕೆಲ್ಲ ಕನ್ನಡದಲ್ಲಿ ಚತುರ್ಥಿ ವಿಭಕ್ತಿ, ಅಂದರೆ 'ಗೆ' ಪ್ರತ್ಯಯ: 'ನನಗೆ ಗೊತ್ತು', 'ಅವನಿಗೆ ಜ್ವರ'. ಇಂಗ್ಲಿಷಿನಲ್ಲಿ ಗೊತ್ತಿರುವವನೇ ಕರ್ತೃ: 'ಐ ನೋ'. 'ಮೀ ನೋ' ಎನ್ನುವುದಿಲ್ಲವಲ್ಲ, 'ಹೂಮ್ ನೋಸ್' ಕೂಡ ಹಾಗೆಯೇ. 'ಕಾಫಿ ಯಾರಿಗೆ ಬೇಕು?' ಎಂದರೆ 'ಹೂ ವಾಂಟ್ಸ್ ಕಾಫಿ?' ಆದರೆ 'ಯಾರಿಗೆ ಕೊಟ್ಟೆ?' ಎಂಬಲ್ಲಿ ಕೊಟ್ಟವನು ನೀನು, ಪಡೆದವನು ಬೇರೆ. ಅಲ್ಲಿ 'ಟು ಹೂಮ್ ಡಿಡ್ ಯು ಗಿವ್ ಇಟ್?'

ಆದ್ದರಿಂದ ಪರೀಕ್ಷೆಯನ್ನು ಇಂಗ್ಲಿಷಿನಲ್ಲೇ ಮಾಡಿ. ಪ್ರಶ್ನೆಗೆ 'ಹೀ' ಅಥವಾ 'ಹಿಮ್' ಹಾಕಿ ಉತ್ತರ ಹೇಳಿಕೊಳ್ಳಿ. 'ಹೀ ನೋಸ್' ಆದರೆ ಹೂ. 'ಐ ಇನ್ವೈಟೆಡ್ ಹಿಮ್' ಆದರೆ 'ಹೂಮ್ ಡಿಡ್ ಯು ಇನ್ವೈಟ್?' ಹಿಮ್, ಹೂಮ್ ಎರಡರ ಕೊನೆಗೂ 'ಮ್' ಇರುವುದು ಆಕಸ್ಮಿಕವಲ್ಲ. ಹಳೆಯ ಇಂಗ್ಲಿಷಿನಲ್ಲಿ ಅದು ಚತುರ್ಥಿಯ ಗುರುತು. 'ಯಾರನ್ನು' ಎನ್ನಲು ಆಗ 'ಹ್ವೊನೆ' ಎಂಬ ಬೇರೆ ರೂಪವೇ ಇತ್ತು. ಅದು ಬಿದ್ದುಹೋದ ಮೇಲೆ 'ಯಾರಿಗೆ' ಎಂಬರ್ಥದ 'ಹ್ವಾಮ್' ಎರಡೂ ಕೆಲಸ ಹೊತ್ತುಕೊಂಡಿತು. ಮೂಲದಲ್ಲಿ ಹೂಮ್ ಎಂದರೆ ನಿಮ್ಮ 'ಯಾರಿಗೆ'ಯೇ!

ಉದ್ದ ವಾಕ್ಯದಲ್ಲಿ ಇನ್ನೆರಡು ಕಡೆ ಎಡವುತ್ತಾರೆ. 'ದಿ ಮ್ಯಾನ್ ಹೂ ಐ ಥಿಂಕ್ ಸ್ಟೋಲ್ ದಿ ಬೈಕ್' ಎಂಬಲ್ಲಿ 'ಐ ಥಿಂಕ್' ಕಂಡು ಹೂಮ್ ಬರೆಯುತ್ತಾರೆ. ಆ ಎರಡು ಪದಗಳ ಮೇಲೆ ಬೆರಳಿಟ್ಟು ಓದಿ: ಉಳಿಯುವುದು 'ಹೀ ಸ್ಟೋಲ್ ದಿ ಬೈಕ್', ಅಂದರೆ ಹೂ. ಹಾಗೆಯೇ 'ಗಿವ್ ಇಟ್ ಟು ಹೂಎವರ್ ಕಮ್ಸ್ ಫಸ್ಟ್'. 'ಟು' ಇದೆಯೆಂದು ಹೂಮೆವರ್ ಹಾಕಬೇಡಿ. 'ಕಮ್ಸ್'ಗೆ ಕರ್ತೃ ಬೇಕು, 'ಟು' ಹಿಡಿದಿರುವುದು ಮುಂದಿನ ಇಡೀ ಉಪವಾಕ್ಯವನ್ನು.

ಮಾತಿನಲ್ಲಿ ಇಷ್ಟು ಮಡಿ ಬೇಕಿಲ್ಲ. 'ಹೂ ಡಿಡ್ ಯು ಇನ್ವೈಟ್?' ಎಂದು ಇಂಗ್ಲಿಷ್ ಮನೆಮಾತಿನವರೇ ಸಲೀಸಾಗಿ ಕೇಳುತ್ತಾರೆ. ಉತ್ತರಪತ್ರಿಕೆಯಲ್ಲಿ ಮಾತ್ರ ಹೂಮ್ ಬರೆಸಿ. 'ಮೆನಿ ಆಫ್ ಹೂಮ್' ಎಂಬಲ್ಲಂತೂ ಮಾತಿನಲ್ಲೂ ಹೂ ಒಗ್ಗುವುದಿಲ್ಲ. 'ಟು ಹೂಮ್' ಬಾಯಿಗೆ ಭಾರವೆನಿಸಿದರೆ 'ಟು'ವನ್ನು ಕೊನೆಗೆ ತಳ್ಳಿ: 'ಹೂ ಆರ್ ಯು ಟಾಕಿಂಗ್ ಟು?'