ಡಾಕ್ಟರ ಕುರ್ಚಿ ಇನ್ನೂ ಅಲ್ಲೇ ಇದೆ

ಪತ್ರ: ಬಾಗಲಕೋಟೆ ಜಿಲ್ಲೆಯಲ್ಲಿ ಘಟಪ್ರಭಾ ನದಿ ದಂಡೆಯ ಊರು ನಮ್ಮದು. ನನ್ನ ಪತಿ ಎಂಬಿಬಿಎಸ್ ಡಾಕ್ಟರು. ಇಪ್ಪತ್ತು ವರ್ಷ ದವಾಖಾನೆ ನಡೆಸಿದರು. 2016ರಲ್ಲಿ ಜಿಲ್ಲಾ ಪಂಚಾಯಿತಿಗೆ ಆರಿಸಿ ಬಂದು, ನಮ್ಮ ಭಾಗದ ಆರೋಗ್ಯ ಕೇಂದ್ರದ ಹೆರಿಗೆ ಕೋಣೆಗೆ ಇನ್ವರ್ಟರ್, ನೀರಿನ ಟಾಕಿ ತಂದರು. 2023ರಲ್ಲಿ ವಿಧಾನಸಭೆಗೆ ಟಿಕೆಟ್ ಸಿಗಲಿಲ್ಲ. ಪಕ್ಷೇತರರಾಗಿ ನಿಂತರು, ಠೇವಣಿಯೂ ಹೋಯಿತು. ಅವತ್ತಿನಿಂದ ದವಾಖಾನೆಗೆ ಕಾಲಿಟ್ಟಿಲ್ಲ. ಯಾರಾದರೂ ಕೂಸು ಎತ್ತಿಕೊಂಡು ಬಂದರೆ "ಬ್ಯಾರೆ ಕಡೆ ತೋರಸ್ರಿ" ಅಂತಾರೆ. ನಾನು ಕೇಳಿದರೆ "ಸೋತ ಮ್ಯಾಲ ಹೊಟ್ಟಿಪಾಡಿಗೆ ಬಂದು ಕುಂತಾನ ಅಂತಾರ" ಅನ್ನುತ್ತಾರೆ. ರಾತ್ರಿ ನಿದ್ದೆ ಇಲ್ಲ. ಕಂಪೌಂಡರ್ ಕಾಕಾ ಮಾತ್ರ ಈಗಲೂ ಮುಂಜಾನೆ ಬಂದು ಬಾಗಿಲು ತೆಗೆದು, ಕಸ ಹೊಡೆದು, ಊದಿನಕಡ್ಡಿ ಹಚ್ಚಿ ಹೋಗುತ್ತಾರೆ. ಗೋಡೆಯ ಮೊಳೆಗೆ ಸ್ಟೆತಾಸ್ಕೋಪು, ಅದರ ಮೇಲೆ ಪ್ರಚಾರದ ಶಾಲು ಹಾಗೇ ಇವೆ. ಸಂಜೆ ಗೆಳೆಯರು ಬಂದು "ಮುಂದಿನ ಸಲ ಪಕ್ಕಾ" ಅಂತಾರೆ. ನನ್ನ ಬಂಗಾರ ಬ್ಯಾಂಕಿನಲ್ಲಿದೆ. ರಾಜಕೀಯ ಬಿಡಿ ಅಂತ ಹೇಳಲೋ, ಸುಮ್ನೆ ಇರಲೋ?

ತಂಗಿ,

ರಾಜಕೀಯ ಬಿಡಿ ಅಂತ ಹೇಳಬೇಡಿ. ಸುಮ್ನೆಯೂ ಇರಬೇಡಿ.

ನಿಮ್ಮ ಯಜಮಾನರು ರಾಜಕೀಯಕ್ಕೆ ಹೋದದ್ದು ತಪ್ಪು ಅಂತ ನನಗೆ ಅನಿಸುವುದಿಲ್ಲ. ದವಾಖಾನೆಯಲ್ಲಿ ಕೂತ ಡಾಕ್ಟರು ಒಂದೊಂದೇ ಬಸುರಿಯನ್ನು ನೋಡಬಹುದು. ಹೆರಿಗೆ ಕೋಣೆಯಲ್ಲಿ ರಾತ್ರಿ ಕರೆಂಟು ಹೋಗದಂತೆ ಮಾಡಲು ಸಭೆಯಲ್ಲಿ ಕೂತು ಜಗಳ ಮಾಡುವವರೇ ಬೇಕು. 2017ರ ನವೆಂಬರಿನಲ್ಲಿ ಖಾಸಗಿ ಆಸ್ಪತ್ರೆಗಳ ಕಾನೂನಿನ ತಿದ್ದುಪಡಿ ವಿರೋಧಿಸಿ ರಾಜ್ಯದ ಡಾಕ್ಟರುಗಳೆಲ್ಲ ಬೆಳಗಾವಿಗೆ ಬಂದು ಧರಣಿ ಕೂತಿದ್ದರಲ್ಲ, ನೆನಪಿದೆಯಾ? ಸುವರ್ಣ ವಿಧಾನಸೌಧದ ಒಳಗೆ ಅಧಿವೇಶನ, ಹೊರಗೆ ಇವರು. ಒಳಗೆ ನಮ್ಮ ಕೆಲಸ ಗೊತ್ತಿದ್ದವರು ಇನ್ನೂ ನಾಲ್ಕು ಜನ ಇರಬೇಕಿತ್ತು ಅಂತ ಅವತ್ತು ಎಷ್ಟೋ ಡಾಕ್ಟರಿಗೆ ಅನಿಸಿರಬೇಕು. ಆ ಆಸೆಯಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಅವರಿಗೆ ನೋವಾಗಿರುವುದು ಬೇರೆ ಕಡೆ. ಠೇವಣಿ ಅಂದರೆ ಹತ್ತು ಸಾವಿರ ರೂಪಾಯಿ. ಬಿದ್ದ ಮತಗಳಲ್ಲಿ ಆರನೇ ಒಂದು ಪಾಲು ಸಿಗದಿದ್ದರೆ ಅದು ಹೋಗುತ್ತದೆ, ಅಷ್ಟೇ. ಅದು ಹೋಯಿತು ಅಂತ ಯಾರೂ ನಿದ್ದೆ ಬಿಡುವುದಿಲ್ಲ. "ನಾನು ನಡುರಾತ್ರಿ ಎದ್ದು ಹೋಗಿ ಉಳಿಸಿದ ಮನೆಯವರೇ ನನಗೆ ಓಟು ಹಾಕಲಿಲ್ಲ" ಅನ್ನುವುದು ಒಳಗೆ ಕೊರೆಯುತ್ತಿದೆ.

ಇದಕ್ಕೆ ನಮ್ಮ ಓಣಿಯ ಒಬ್ಬ ಮುದುಕಿಯ ಮಾತು ಹೇಳುತ್ತೇನೆ. ಹಿಂದೆ ನಮ್ಮ ಕಡೆಯೂ ಒಬ್ಬ ಡಾಕ್ಟರು ಚುನಾವಣೆಗೆ ನಿಂತಿದ್ದರು. ಆಕೆಯ ಮೊಮ್ಮಗನನ್ನು ಹಾವು ಕಡಿದಾಗ ಬದುಕಿಸಿದವರು ಅವರೇ. ಕಬ್ಬಿನ ಗದ್ದೆಯಿಂದ ಹೊತ್ತು ತಂದಿದ್ದರು, ಬೆಳಗಿನವರೆಗೂ ಡಾಕ್ಟರು ಹುಡುಗನ ಪಕ್ಕ ಬಿಟ್ಟು ಕದಲಿರಲಿಲ್ಲ. "ಅವರಿಗೇ ಹಾಕಿದ್ಯೇನವ್ವಾ ಓಟು?" ಅಂತ ಕೇಳಿದೆ. ಆಕೆ ತಲೆ ಅಲ್ಲಾಡಿಸಿ, "ಹ್ಯಾಂಗ ಹಾಕ್ಲೆವ್ವಾ? ಆರಿಸಿ ಬಂದ್ರ ಬೆಂಗಳೂರಿಗೆ ಹೊಕ್ಕಾರ. ನಡುರಾತ್ರ್ಯಾಗ ಹಾವು ಕಡದ್ರ ಯಾರ ಬಾಗ್ಲಾ ಬಡೀಲಿ?" ಅಂದಳು.

ನನಗೆ ಅವತ್ತು ಮಾತೇ ಹೊರಡಲಿಲ್ಲ. ಎಲ್ಲರೂ ಇದೇ ಕಾರಣಕ್ಕೆ ಓಟು ಹಾಕಲಿಲ್ಲ ಅಂತ ಹೇಳುವುದಿಲ್ಲ. ಜಾತಿ, ಪಕ್ಷ, ದುಡ್ಡು, ಕಾರ್ಖಾನೆಯವರ ಮಾತು, ಎಲ್ಲ ನಡೆಯುತ್ತದೆ. ಆದರೆ ಹಳ್ಳಿಯವರು ಓಟಿನ ಲೆಕ್ಕ ಬೇರೆ ಇಡುತ್ತಾರೆ, ನಂಬಿಕೆಯ ಲೆಕ್ಕ ಬೇರೆ ಇಡುತ್ತಾರೆ. ಕೂಸು ಎತ್ತಿಕೊಂಡು ಇವತ್ತಿಗೂ ನಿಮ್ಮ ಮನೆ ಬಾಗಿಲಿಗೇ ಬರುತ್ತಾರೆ ಅಂತ ನೀವೇ ಬರೆದಿದ್ದೀರಿ. ಮೂರನೇ ದಿನದ ಜ್ವರದ ಕೂಸನ್ನು ಯಾರಾದರೂ ನಂಬಿಕೆ ಇಲ್ಲದವರ ಕೈಗೆ ಕೊಡುತ್ತಾರಾ? ಈ ಮಾತನ್ನು ಯಜಮಾನರಿಗೆ ಓದಿ ಹೇಳಿ. ಬೇರೇನೂ ಓದದಿದ್ದರೂ ನಡೆದೀತು.

ಡಾಕ್ಟರಾಗಿ ರಾಜಕೀಯದಲ್ಲಿ ಸೋತವರು ಇವರೊಬ್ಬರೇ ಅಲ್ಲ. ಖಾನಾಪುರದಲ್ಲಿ ಡಾ. ಅಂಜಲಿ ನಿಂಬಾಳ್ಕರ್ 2018ರಲ್ಲಿ ಗೆದ್ದರು, 2023ರಲ್ಲಿ ಸೋತರು. ಕಲಬುರಗಿಯಲ್ಲಿ 2019ರಲ್ಲಿ ಮಲ್ಲಿಕಾರ್ಜುನ ಖರ್ಗೆಯವರನ್ನೇ ಸೋಲಿಸಿದ ಡಾ. ಉಮೇಶ ಜಾಧವ್, ಐದು ವರ್ಷಕ್ಕೆ ತಾವೇ ಸೋತರು. ಗೆಲುವಿಗೆ ಅವಧಿ ಇರುತ್ತದೆ. ನಿಮ್ಮವರ ಜಿಲ್ಲಾ ಪಂಚಾಯಿತಿ ಅವಧಿಯೂ 2021ಕ್ಕೆ ಮುಗಿಯಿತು, ಆಮೇಲೆ ವರ್ಷಗಟ್ಟಲೆ ಆ ಚುನಾವಣೆಯೇ ನಡೆಯಲಿಲ್ಲ. ಅದನ್ನೇ ಕಾಯುತ್ತ ಪಡಸಾಲೆಯಲ್ಲಿ ಕೂತರೆ ವಯಸ್ಸು ಕಾಯುತ್ತದಾ?

ಇನ್ನು ದವಾಖಾನೆಗೆ ಮರಳುವುದು ಹಿಂದೆ ಸರಿದಂತೆ ಅನ್ನುವ ಅವರ ನಾಚಿಕೆ. ಡಾ. ಬಿ.ಸಿ. ರಾಯ್ 1948ರಿಂದ 1962ರಲ್ಲಿ ತೀರಿಕೊಳ್ಳುವವರೆಗೆ ಪಶ್ಚಿಮ ಬಂಗಾಳದ ಮುಖ್ಯಮಂತ್ರಿ. ಆಗಲೂ ಮುಂಜಾನೆ ಮನೆಯಲ್ಲಿ ಕೂತು ದುಡ್ಡಿಲ್ಲದೆ ರೋಗಿಗಳನ್ನು ನೋಡುತ್ತಿದ್ದರು. ಅಷ್ಟು ದೂರ ಯಾಕೆ, ನಮ್ಮ ನಾ.ಸು. ಹರ್ಡೀಕರ್ ಇಲ್ಲವಾ? ಡಾಕ್ಟರಿಕೆ ಓದಿದವರು 1923ರಲ್ಲಿ ಕಾಂಗ್ರೆಸ್ಸಿನ ಸ್ವಯಂಸೇವಕರ ಪಡೆ ಸೇವಾದಳ ಕಟ್ಟಿದರು. ಮರುವರ್ಷ ಗಾಂಧೀಜಿ ಅಧ್ಯಕ್ಷರಾಗಿದ್ದ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಅವರ ಸ್ವಯಂಸೇವಕರೇ ದುಡಿದರು. ಮುಂದೆ ಹತ್ತು ವರ್ಷ ರಾಜ್ಯಸಭೆಯಲ್ಲಿದ್ದರು. ನಿಮ್ಮದೇ ನದಿಯ ಹೆಸರಿನ ಊರು ಘಟಪ್ರಭಾದಲ್ಲಿ ಆರೋಗ್ಯಧಾಮ ಕಟ್ಟಿದವರಲ್ಲಿ ಅವರೂ ಒಬ್ಬರು. ಇವರಲ್ಲಿ ಯಾರೂ ಅದು ಬೇರೆ ಇದು ಬೇರೆ ಅಂದುಕೊಂಡವರಲ್ಲ.

ಒಂದು ವಿಷಯದಲ್ಲಿ ಮಾತ್ರ ತಡ ಮಾಡಬೇಡಿ. ಇಷ್ಟು ದಿನ ನಿದ್ದೆ ಇಲ್ಲ, ಯಾರನ್ನೂ ನೋಡಲು ಮನಸ್ಸಿಲ್ಲ ಅಂದರೆ ಅದು ಬರೀ ಬೇಜಾರಲ್ಲ. ಡಾಕ್ಟರುಗಳು ತಮಗೆ ಜಡ್ಡು ಬಂದಿದೆ ಅಂತ ಒಪ್ಪುವುದು ಬಹಳ ಕಷ್ಟ. ಧಾರವಾಡದಲ್ಲಿ ಮಾನಸಿಕ ಆರೋಗ್ಯದ ಸರ್ಕಾರಿ ಸಂಸ್ಥೆ ಡಿಮ್ಹಾನ್ಸ್ ಇದೆ. ಮೊದಲು ಫೋನಿನಲ್ಲಿ ಮಾತಾಡಬೇಕು ಅಂದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416. ಅವರು ಮಾಡದಿದ್ದರೆ ನೀವೇ ಮಾಡಿ ಕೇಳಿ. "ನಾ ಇದ್ದು ಏನು ಪ್ರಯೋಜನ" ಅನ್ನುವಂಥ ಮಾತು ಬಂದರೆ ಅವತ್ತೇ ಕರೆದುಕೊಂಡು ಹೋಗಿ.

ದುಡ್ಡಿನ ಬಗ್ಗೆ ಗಟ್ಟಿಯಾಗಿ ಇರಿ. ಬಂಗಾರ ಬಿಡಿಸುವವರೆಗೆ ಹೊಸ ಸಾಲದ ಯಾವ ಕಾಗದಕ್ಕೂ ಸಹಿ ಹಾಕುವುದಿಲ್ಲ ಅಂತ ಸಂಜೆಯ ಗೆಳೆಯರ ಎದುರಿಗೇ ಹೇಳಿ. ಹೆಂಡತಿ ಹೀಗೆ ಮಾತಾಡಬಾರದು ಅಂತ ಅವರಿಗೆ ಅನಿಸಿದರೆ ಅನಿಸಲಿ. ಮುಂದಿನ ಸಲದ ಖರ್ಚಿಗೆ ಅವರು ತಮ್ಮ ಮನೆಯ ಬಂಗಾರ ತರುವುದಿಲ್ಲ ಅಲ್ವಾ?

ಮರಳಿ ಶುರು ಮಾಡುವಾಗ ದೊಡ್ಡದು ಏನೂ ಬೇಡ. ದಿನಾ ಮುಂಜಾನೆ ಎರಡು ತಾಸು ಸಾಕು. ಮೊದಲು ಮೆಡಿಕಲ್ ಕೌನ್ಸಿಲ್ ನೋಂದಣಿ, ಖಾಸಗಿ ಆಸ್ಪತ್ರೆಗಳ ಕಾನೂನಿನಡಿ ದವಾಖಾನೆಯ ನೋಂದಣಿ (ಕೆಪಿಎಂಇ) ಚಾಲ್ತಿಯಲ್ಲಿವೆಯಾ ನೋಡಿಸಿ. ಇಷ್ಟು ವರ್ಷದಲ್ಲಿ ಔಷಧಿಗಳೂ ಬದಲಾಗಿವೆ. ಪರಿಚಯದ ಹಿರಿಯ ಡಾಕ್ಟರ ಹತ್ತಿರ ಹದಿನೈದು ದಿನ ಹೋಗಿ ಕೂತು ಬಂದರೆ ಕೈಗೆ ಧೈರ್ಯ ಬರುತ್ತದೆ. ಆ ಎರಡು ತಾಸಿನಲ್ಲಿ ಓಟಿನ ಮಾತು ಆಡುವವರನ್ನು ಒಳಗೆ ಬಿಡಬಾರದು. ರೋಗಿಗೆ ತನ್ನ ಓಟಿನ ಲೆಕ್ಕ ಕೇಳುತ್ತಾರೆ ಅನಿಸಿದರೆ ಆತ ಇನ್ನೊಮ್ಮೆ ಬರುವುದಿಲ್ಲ. ರಾಜಕೀಯ ಬೇಕಿದ್ದರೆ ಸಂಜೆ ಮಾಡಲಿ, ಮನೆಯಲ್ಲಿ.

ಇದನ್ನೆಲ್ಲ ನೀವು ಹೇಳುವುದಕ್ಕಿಂತ ಕಂಪೌಂಡರ್ ಕಾಕಾ ಹೇಳಿದರೆ ಜಾಸ್ತಿ ನಾಟುತ್ತದೆ. ಸೋಲು ಗೆಲುವು ನೋಡದೆ ದಿನಾ ಆ ಬಾಗಿಲು ತೆಗೆದವರು ಅವರು. ಯಾವ ಓಣಿಯಲ್ಲಿ ಯಾರು ಬಸುರಿ, ಯಾರಿಗೆ ಬಿಪಿ ಮಾತ್ರೆ ಮುಗಿದಿದೆ, ಎಲ್ಲ ಅವರಿಗೆ ಗೊತ್ತಿರುತ್ತದೆ. ನಾಳೆ ಅವರನ್ನು ಚಹಾಕ್ಕೆ ಕರೆಯಿರಿ. ಆ ಶಾಲು ಮೊಳೆಯಿಂದ ತೆಗೆದು, ಒಗೆದು, ಮಡಚಿ ಟ್ರಂಕಿನಲ್ಲಿ ಇಡಿ. ಎಸೆಯಬೇಡಿ, ಅದೂ ಅವರದೇ. ಸಂತೆಯ ದಿನ ಹಳ್ಳಿಯ ಜನ ಹೇಗೂ ಬರುತ್ತಾರೆ, ಅವತ್ತೇ ಕೂರಲು ಹೇಳಿ. ಮೊದಲ ದಿನ ಯಾರು ಬಂದರು ಅಂತ ನನಗೆ ಬರೆಯಿರಿ, ಒಬ್ಬರೇ ಬಂದರೂ.